ಹನ್ನೆರಡರ ನಂತರ ಮತ್ತೆ ಒಂದು

ನಿನ್ನೆ ಸಂಜೆ ಮೊಮ್ಮಗಳು ಅನು ಊಟದ ಮೇಜಿನ ಮೇಲೆ ಹಳದಿ ಚಾರ್ಟ್ ಪೇಪರ್ ಹರಡಿಕೊಂಡು ಕೂತಿದ್ದಳು. ಸ್ಕೆಚ್ ಪೆನ್ನಿನ ಘಾಟು ಅಡುಗೆಮನೆಯ ತನಕ ಬಂದು ನನ್ನ ಒಗ್ಗರಣೆಯ ವಾಸನೆಯನ್ನೂ ಸೋಲಿಸಿತು. ಅವಳಿನ್ನೂ ಎರಡನೇ ಕ್ಲಾಸು. ಈ ವಾರ ಶಾಲೆಯಲ್ಲಿ ಮಕ್ಕಳಿಗೆ ಧೈರ್ಯ, ಭರವಸೆ ಕಲಿಸುತ್ತಾರಂತೆ. ‘ಎನಿಕ್ಕು ಪಟ್ಟುಂ’ ಎಂದು ಮಲಯಾಳದಲ್ಲಿ ದೊಡ್ಡದಾಗಿ ಬರೆದು, ಪಕ್ಕದಲ್ಲಿ ನಗುವ ಸೂರ್ಯನನ್ನು ಬಿಡಿಸಿ ತರಬೇಕು. ನನ್ನಿಂದ ಆಗುತ್ತೆ ಎಂದು ಅದರ ಅರ್ಥ.

“ಅಜ್ಜಿ, ಸೂರ್ಯನಿಗೆ ಹಲ್ಲು ಇರಬೇಕಾ?” ಎಂದು ಕೇಳಿದಳು.

ನಾನು ಉತ್ತರ ಹೇಳುವ ಬದಲು ನಕ್ಕುಬಿಟ್ಟೆ. ಈ ಪಾಠವನ್ನು ಒಂದು ಕಾಲದಲ್ಲಿ ನಾನೂ ಮಾಡಿದವಳೇ. ಮಾಡಿ, ಹದಿಮೂರು ಮಕ್ಕಳ ಎದುರು ಮಾನ ಕಳೆದುಕೊಂಡವಳು. ಒಲೆ ಆರಿಸಿ ಬಂದು ಅವಳ ಪಕ್ಕ ಕೂತು ಹೇಳತೊಡಗಿದೆ. ನೀವೂ ಕೇಳಿ.

ನನಗಾಗ ಇಪ್ಪತ್ತೆರಡು. ವಯನಾಡು ಬೇರೆ ಜಿಲ್ಲೆಯಾದ ಹೊಸತು. ಕಚೇರಿಗಳ ಬೋರ್ಡಿನ ಬಣ್ಣ ಇನ್ನೂ ಆರಿರಲಿಲ್ಲ. ಹಳೇ ಅಚ್ಚಿನ ಕಾಗದಗಳಲ್ಲಿ ಹಳೇ ಜಿಲ್ಲೆಯ ಹೆಸರು ಹೊಡೆದು ಹಾಕಿ, ಮೇಲೆ ಶಾಯಿಯಲ್ಲಿ ಹೊಸ ಹೆಸರು ಬರೆದು ಕೊಡುತ್ತಿದ್ದರು. ನನ್ನ ನೇಮಕದ ಆದೇಶವೂ ಅಂಥದೇ. ಅಪ್ಪ ಗುಂಡ್ಲುಪೇಟೆ ಕಡೆಯಿಂದ ಬಂದು ಸುಲ್ತಾನ್ ಬತ್ತೇರಿಯಲ್ಲಿ ತರಕಾರಿ ಅಂಗಡಿ ಇಟ್ಟವರು. ನಮಗೆ ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮಲಯಾಳ, ಅಂಗಡಿಯಲ್ಲಿ ಎರಡರ ಕಲಸುಮೇಲೋಗರ. ನೂಲ್ಪುಳದ ಕಾಡಂಚಿನ ಬುಡಕಟ್ಟು ಹಾಡಿಯ ಮಕ್ಕಳ ಮಾತು ಕನ್ನಡಕ್ಕೆ ಹತ್ತಿರ, ಪಾಠ ಮಾತ್ರ ಮಲಯಾಳದಲ್ಲಿ. ಎರಡೂ ಬಲ್ಲ ಟೀಚರ್ ಬೇಕೆಂದು ಹುಡುಕಿದಾಗ ನಾನು ಸಿಕ್ಕಿದೆ. ಅಪ್ಪ ಅಂದು ಅಂಗಡಿಗೆ ಬಂದವರಿಗೆಲ್ಲ ಬಾಳೆಹಣ್ಣು ಹಂಚಿದರು. ಅಮ್ಮ ಪೊನ್ಕುಳಿ ಗುಡಿಯ ದೇವರಿಗೆ ಹರಕೆ ಹೊತ್ತು, ಜಿಗಣೆ ಹತ್ತಿದರೆ ಇರಲಿ ಎಂದು ಉಪ್ಪಿನ ಪೊಟ್ಟಣ ಕೈಗಿಟ್ಟಳು.

ಹೊಳೆಯ ಸುದ್ದಿಯನ್ನು ಮಾತ್ರ ಯಾರೂ ಹೇಳಿರಲಿಲ್ಲ. ಮೈಸೂರು ರಸ್ತೆಯಲ್ಲಿ ಬಸ್ಸಿಳಿದು ಎರಡು ಮೈಲಿ ನಡೆದರೆ ಹಾಡಿ. ಹಾಡಿಯ ಅರ್ಧ ಮನೆಗಳು ಹೊಳೆಯ ಈಚೆ, ಇನ್ನರ್ಧ ಮತ್ತು ಶಾಲೆ ಆಚೆ. ನಡುವೆ ಎರಡು ಮರದ ದಿಮ್ಮಿ ಜೋಡಿಸಿ ಬಳ್ಳಿಯಿಂದ ಬಿಗಿದ ಒಂದು ‘ಪಾಲ’. ಹಿಡಿದುಕೊಳ್ಳಲು ಒಂದೇ ಕಡೆ ಬಿದಿರಿನ ಗಳ, ಅದೂ ನಮಗಿಂತ ಹೆಚ್ಚು ನಡುಗುತ್ತಿತ್ತು.

ಮೊದಲ ದಿನ ನಾಲ್ಕು ಹೆಜ್ಜೆ ಇಟ್ಟು ಕೆಳಗೆ ನೋಡಿದೆ. ನೀರು ನಿಂತು ನಾನೇ ಹರಿಯುತ್ತಿದ್ದೇನೆ ಅನ್ನಿಸಿತು. ಅಲ್ಲೇ ಕುಕ್ಕರಿಸಿ, ದಿಮ್ಮಿಯ ಮೇಲೆ ಕೂತೇ ಸರಿದು ಸರಿದು ಆಚೆ ಸೇರಿದೆ. ಸೀರೆಯ ಹಿಂಬದಿಯೆಲ್ಲ ಪಾಚಿ. ದಡದಲ್ಲಿ ಸಾಲಾಗಿ ನಿಂತಿದ್ದ ಮಕ್ಕಳು ನಗಲಿಲ್ಲ. ಪೇಟೆಯವರು ಪಾಲ ದಾಟುವುದೇ ಹೀಗೆ ಎಂದು ತಿಳಿದಿದ್ದರಂತೆ. ಮರುದಿನ ನನಗೆ ಗೌರವ ತೋರಿಸಲೆಂದು ಇಬ್ಬರು ಹುಡುಗರು ಕೂತೇ ದಾಟಿದರು.

ಇಂಥ ನಾನು ಶಾಲೆಯಲ್ಲಿ ಕಲಿಸುತ್ತಿದ್ದುದೇನು ಗೊತ್ತೇ? ಧೈರ್ಯ! ಮಕ್ಕಳು ಸ್ಲೇಟು ಕಂಡರೆ ಸಾಕು, “ಆಗಲ್ಲ” ಎಂದು ತಲೆ ತಗ್ಗಿಸುತ್ತಿದ್ದವು. ಅದನ್ನು ಓಡಿಸಬೇಕೆಂದು ನಾನು ಒಂದು ಪದ್ಧತಿ ಮಾಡಿದೆ. ಬೆಳಿಗ್ಗೆ ಪ್ರಾರ್ಥನೆ ಮುಗಿದ ಕೂಡಲೇ “ಓದೋಕೆ?” ಎಂದು ನಾನು ಕೇಳಬೇಕು, “ಪಟ್ಟುಂ!” ಎಂದು ಅವರು ಕೂಗಬೇಕು. “ಬರೆಯೋಕೆ?” “ಪಟ್ಟುಂ!” ಮಕ್ಕಳಿಗೆ ಆ ಕೂಗು ಬಹಳ ಹಿಡಿಸಿತು. ಸ್ಲೇಟಿನಲ್ಲಿ ಅಕ್ಷರ ಮಾತ್ರ ಮೂಡಲಿಲ್ಲ. ಬಿದಿರು ತಟ್ಟಿಯ ಗೋಡೆ ಅಲುಗುವಂತೆ ಕೂಗುತ್ತಿದ್ದವು, ಆಮೇಲೆ ಮೊದಲಿನಂತೆಯೇ ತಲೆ ತಗ್ಗಿಸುತ್ತಿದ್ದವು.

ಆ ಹದಿಮೂರು ಮಕ್ಕಳಲ್ಲಿ ಮಾರಿ ಎಂಬ ಆರು ವರ್ಷದ ಹುಡುಗಿ ಇದ್ದಳು. ಹೊಳೆಯ ಈಚೆ ತಾತ ಬೊಮ್ಮಜ್ಜನ ಜೊತೆ ಇದ್ದವಳು. ಎಲ್ಲರನ್ನೂ ‘ನೀನು’ ಎಂದೇ ಕರೆಯುತ್ತಿದ್ದಳು, ನನ್ನನ್ನೂ ಸೇರಿ. ಎಲ್ಲರೂ ಪಟ್ಟುಂ ಎಂದು ಕೂಗುವಾಗ ಇವಳು ಮಾತ್ರ ನನ್ನ ಮುಖ ನೋಡುತ್ತ ನಿಂತಿರುತ್ತಿದ್ದಳು.

ಮಳೆಗಾಲ ಬಂತು. ಒಂದು ಸಂಜೆ ಮನೆಗೆ ಬಂದವಳೇ ಬೇರೆ ಶಾಲೆಗೆ ವರ್ಗ ಕೇಳಿ ಕಾಗದ ಬರೆದೆ. ಅದನ್ನು ಹಳೇ ಜಿಲ್ಲೆಗೆ ಕಳಿಸಬೇಕೋ ಹೊಸ ಜಿಲ್ಲೆಗೋ ತಿಳಿಯದೆ, ಮೊದಲು ಯಾರನ್ನಾದರೂ ಕೇಳೋಣ ಎಂದು ಚೀಲದಲ್ಲಿಟ್ಟುಕೊಂಡೆ. ಮರುದಿನ ಹೋಗಿ ನೋಡಿದರೆ ಹೊಳೆ ಕೆಂಪಗೆ ಉಬ್ಬಿ ದಿಮ್ಮಿಯನ್ನು ಮುಟ್ಟುತ್ತಿತ್ತು. ದಡದ ಕಲ್ಲಿನ ಮೇಲೆ ಕೂತುಬಿಟ್ಟೆ. ಅಳು ಬಂತು ಎಂದು ಹೇಳಲು ಈಗ ನಾಚಿಕೆಯೇನಿಲ್ಲ.

ಮಾರಿ ಬಂದು ಎದುರು ನಿಂತಳು. “ಟೀಚರೇ, ಯಾಕ ಕುಂತಿದ್ದೀಯ?”

“ನನ್ನ ಕೈಲಿ ಆಗಲ್ಲ ಮಾರಿ.”

ಪಟ್ಟುಂ ಎಂದು ಕೂಗುತ್ತಾಳೆ, ನನ್ನ ಪಾಠ ನನಗೇ ತಿರುಗಿ ಬರುತ್ತದೆ ಎಂದುಕೊಂಡೆ. ಅವಳು ಕೂಗಲಿಲ್ಲ. ಸೊಂಟಕ್ಕೆ ಕೈಯಿಟ್ಟು ದೊಡ್ಡವರ ಹಾಗೆ ಹೊಳೆಯನ್ನು ನೋಡಿದಳು.

“ಹೂಂ, ಇವತ್ತು ಆಗಲ್ಲ. ನೀರು ಜಾಸ್ತಿ ಅದ.”

“ಮತ್ತೆ ಪಟ್ಟುಂ ಅಂತ ಹೇಳಿಕೊಟ್ಟಿದ್ದೆನಲ್ಲ?”

“ಅದು ಹೊಳೆಗೆ ಗೊತ್ತಿಲ್ಲವಲ್ಲ ಟೀಚರೇ,” ಎಂದಳು, ನನ್ನ ದಡ್ಡತನಕ್ಕೆ ಮರುಗಿ.

ಅಷ್ಟರಲ್ಲಿ ಬೊಮ್ಮಜ್ಜ ಬಂದ. “ಇವತ್ತು ಯಾರೂ ಪಾಲ ಹತ್ತಬ್ಯಾಡಿ ಟೀಚರಮ್ಮ. ನೀರು ಇಳೀಲಿ,” ಎಂದ. ಸರಿ, ವಾಪಸು ಹೋಗೋಣವೆಂದು ಎದ್ದೆ. ಮಾರಿ ನನ್ನ ಚೀಲ ಹಿಡಿದು ಎಳೆದಳು. “ಈ ಕಡೆ ನಾವು ಏಳು ಜನ ಇದ್ದೀವಿ. ಸ್ಕೂಲು ಇಲ್ಲೇ ಮಾಡು.”

ಬೊಮ್ಮಜ್ಜನ ಜಗಲಿಯಲ್ಲಿ ಶಾಲೆ ನಡೆಯಿತು. ಹಲಸಿನ ಬೀಜ ಇಟ್ಟು ಮಲಯಾಳದಲ್ಲಿ ಎಣಿಸಲು ಕಲಿಸಿದೆ. ಹನ್ನೆರಡಕ್ಕೆ ನಿಲ್ಲಿಸಬೇಕಾಯಿತು. ಇದ್ದದ್ದೇ ಹನ್ನೆರಡು ಬೀಜ, ಮಿಕ್ಕಿದ್ದನ್ನು ಹಿಂದಿನ ದಿನವೇ ಸುಟ್ಟು ತಿಂದಿದ್ದರು. ಎಣಿಸಿ ಮುಗಿದ ಮೇಲೆ ಆ ಹನ್ನೆರಡನ್ನೂ ನಾವು ಸುಟ್ಟು ತಿಂದೆವು. ಅಂದು ಒಂದು ಮಗುವೂ ತಲೆ ತಗ್ಗಿಸಲಿಲ್ಲ ಎಂಬುದು ಬಸ್ಸಿನಲ್ಲಿ ಕೂತ ಮೇಲೆ ಹೊಳೆಯಿತು.

ನಾಲ್ಕು ದಿನಕ್ಕೆ ನೀರಿಳಿಯಿತು. ಬೊಮ್ಮಜ್ಜ ದಿಮ್ಮಿ ತುಳಿದು ನೋಡಿ, ಬಳ್ಳಿ ಬಿಗಿ ಮಾಡಿ, “ಈಗ ಹೋಗಿ” ಎಂದ. ನಾನು ಅಭ್ಯಾಸದಂತೆ ಕೂರಲು ಹೋದೆ.

“ಕೂರಬ್ಯಾಡ,” ಎಂದಳು ಮಾರಿ. ನನ್ನ ಮುಂದೆ ಬಂದು ನಿಂತಳು. “ನೀರು ನೋಡಬ್ಯಾಡ. ನನ್ನ ಬೆನ್ನು ನೋಡು. ನಾನು ಎಣಿಸ್ತೀನಿ, ನೀನು ಒಂದೊಂದೇ ಕಾಲಿಡು.”

ಒನ್ನ್, ರಂಡ್, ಮೂನ್ನ್... ಹರಿದ ಫ್ರಾಕಿನ ಬೆನ್ನು ಮುಂದೆ ಮುಂದೆ ಹೋಯಿತು, ನಾನು ಹಿಂದೆ. ಪಂತ್ರಂಡ್, ಹನ್ನೆರಡು. ಅಲ್ಲಿಗೆ ಹೊಳೆಯ ನಟ್ಟನಡುವೆ ಬಂದಿದ್ದೆವು. ಅವಳಿಗೆ ಮುಂದಿನ ಲೆಕ್ಕ ಗೊತ್ತಿಲ್ಲ, ಕಲಿಸಿದವಳು ನಾನೇ ತಾನೆ! ನಾನು ಬಿದಿರಿನ ಗಳವನ್ನು ಬಿಗಿಯಾಗಿ ಹಿಡಿದೆ. ಮಾರಿ ಒಂದು ಗಳಿಗೆಯೂ ತಡೆಯಲಿಲ್ಲ. “ಒನ್ನ್,” ಎಂದು ಮತ್ತೆ ಶುರು ಮಾಡಿದಳು. ಎರಡನೇ ಸಲದ ಒಂಬತ್ತಕ್ಕೆ ನನ್ನ ಕಾಲಡಿ ಮಣ್ಣು ಸಿಕ್ಕಿತು.

ಆಚೆ ದಡದ ಆರು ಮಕ್ಕಳು ಕುಣಿದಾಡಿದವು. ಟೀಚರು ನಿಂತು ದಾಟಿದ್ದನ್ನು ಕಂಡದ್ದು ಅವು ಅಂದೇ ಮೊದಲು.

ವರ್ಗದ ಕಾಗದದ ಹಿಂಬದಿಯಲ್ಲಿ ಹದಿಮೂರರಿಂದ ಇಪ್ಪತ್ತೈದರ ತನಕ ಬರೆದು ಮಾರಿಗೆ ಕೊಟ್ಟೆ. ಬೆಳಗಿನ ಕೂಗನ್ನೂ ಬಿಟ್ಟೆ. ಅದರ ಬದಲು ಒಬ್ಬೊಬ್ಬರನ್ನೇ, “ಇವತ್ತು ನಿನ್ನ ಕೈಲಿ ಏನು ಆಗಲ್ಲ?” ಎಂದು ಕೇಳುತ್ತಿದ್ದೆ. ಹೇಳಿದರೆ, ಅದು ಬರುವ ಇನ್ನೊಂದು ಮಗು ಎದ್ದು ಅದರ ಪಕ್ಕ ಕೂರಬೇಕು. ಮೊದಲ ದಿನ ನನ್ನದನ್ನೇ ಹೇಳಿದೆ: “ಜಿಗಣೆ ಕೀಳೋಕೆ ಆಗಲ್ಲ.” ಹದಿಮೂರು ಕೈ ಮೇಲೆದ್ದವು. ಆಮೇಲೆ ಒಂದೊಂದೇ ಬಾಯಿ ಬಿಟ್ಟಿತು. ಯಾರಿಗೋ ‘ಅ’ ಬರೆಯಲು ಆಗಲ್ಲ, ಯಾರಿಗೋ ಅಮ್ಮ ಕೂಲಿಗೆ ಹೋದರೆ ಅಳದೆ ಇರಲು ಆಗಲ್ಲ. ಅಕ್ಷರಗಳು ನಿಧಾನವಾಗಿ ಬಂದವು, ಆದರೆ ಬಂದವು. ನಾನು ಆ ಶಾಲೆಯಲ್ಲಿ ಒಂಬತ್ತು ವರ್ಷ ಇದ್ದೆ. ಮಾರಿ ಈಗ ಅದೇ ಕಡೆ ಅಂಗನವಾಡಿ ಟೀಚರ್. ಮಕ್ಕಳು ಅವಳನ್ನು ‘ನೀನು’ ಎನ್ನುತ್ತವಂತೆ.

ಕತೆ ಇಲ್ಲಿಗೆ ಮುಗಿಯಿತು ಎಂದುಕೊಂಡಿದ್ದೆ. ಅನು ಬಿಡಬೇಕಲ್ಲ.

“ಅಜ್ಜಿ, ನೀನು ಒಂದ್ಸಲಾನೂ ಬೀಳ್ಲಿಲ್ವಾ?”

ಇದನ್ನು ನಾನು ಅಪ್ಪ ಅಮ್ಮನಿಗೂ ಹೇಳಿರಲಿಲ್ಲ, ಮಗಳಿಗೂ ಹೇಳಿರಲಿಲ್ಲ. ಯಾಕೋ ಅವಳ ಮುಖ ನೋಡಿ ಹೇಳಿಬಿಟ್ಟೆ. ಬಿದ್ದಿದ್ದೆ. ಮರುವರ್ಷದ ಬೇಸಿಗೆಯಲ್ಲಿ, ನನಗೆ ಪಾಲದ ಮೇಲೆ ಒಳ್ಳೇ ಜಂಬ ಬಂದು, ಹಿಂದೆ ತಿರುಗಿ ಮಕ್ಕಳನ್ನು ಗದರಿಸುತ್ತ ನಡೆಯುವಾಗ ದೊಪ್ಪನೆ ಬಿದ್ದೆ. ಸೊಂಟದ ತನಕ ನೀರು. ಕೊಡೆ ತೇಲಿಹೋಯಿತು. ಮೇಲೆ ಮಕ್ಕಳೆಲ್ಲ ಉಸಿರು ಬಿಗಿಹಿಡಿದು ನಿಂತಿದ್ದವು. ಮಾರಿ ದಿಮ್ಮಿಯ ಮೇಲೆ ಬೋರಲು ಮಲಗಿ ಬಗ್ಗಿ ನೋಡಿ, ನನಗೆ ಪೆಟ್ಟಾಗಿಲ್ಲ ಎಂದು ಖಾತ್ರಿಯಾದ ಮೇಲೆ ಕೂಗಿದಳು:

“ಟೀಚರೇ, ಹೆಂಗೂ ಇಳಿದಿದ್ದೀಯ, ಮೀನು ಅದಾ ನೋಡು!”

ಅನು ನಕ್ಕೂ ನಕ್ಕೂ ಬಿಕ್ಕಳಿಕೆ ಬರಿಸಿಕೊಂಡಳು. ನೀರು ಕುಡಿಸಿ ಬೆನ್ನು ಸವರಿದೆ. ನನಗೂ ನಗು ತಡೆಯಲಾಗಲಿಲ್ಲ. ಇಷ್ಟು ವರ್ಷ ಮುಚ್ಚಿಟ್ಟಿದ್ದ ಸಂಗತಿ ಇಷ್ಟು ಹಗುರವಾದದ್ದೆಂದು ಯಾರಿಗೆ ಗೊತ್ತಿತ್ತು?

ಬಿಕ್ಕಳಿಕೆ ನಿಂತ ಮೇಲೆ ಅನು ಗಂಭೀರವಾಗಿ ಕೇಳಿದಳು, “ಮೀನು ಇತ್ತಾ ಅಜ್ಜಿ?”

“ಇತ್ತು,” ಎಂದೆ. “ನಾನು ನೋಡಿದೆ.”