ಫ್ಲಾಸ್ಕಿನಲ್ಲಿ ಬಂದ ಔಷಧ

ನಾನು ಸೊಸೆಯಾಗಿ ಬಂದು ಎರಡು ವರ್ಷವಾದರೂ ಅತ್ತೆ ಅದನ್ನು ಒಮ್ಮೆಯೂ ‘ನಮ್ಮ ನಾಯಿ’ ಎಂದಿರಲಿಲ್ಲ. ಯಾರಾದರೂ ಕೇಳಿದರೆ ‘ಕಟ್ಟಿ ಮ್ಯಾಲಿನ ನಾಯಿ’ ಎನ್ನುತ್ತಿದ್ದರು. ಮನೆಯ ಮುಂದಿನ ಕಟ್ಟೆಯವರೆಗೆ ಅದರ ರಾಜ್ಯ, ಹೊಸ್ತಿಲು ದಾಟುವಂತಿಲ್ಲ. ಬೆಳಿಗ್ಗೆ ಅವರು ಲಿಂಗಪೂಜೆಗೆ ಕೂತಾಗ ಅದು ಬಾಗಿಲ ಕಡೆ ಮೂಗು ಚಾಚಿದರೂ ಸಾಕು, ಒಳಗಿನಿಂದಲೇ ಗದರಿಕೆ ಬೀಳುತ್ತಿತ್ತು. ಹಾಗಂತ ರೊಟ್ಟಿ ಹಾಕುವುದನ್ನು ಅವರು ಒಂದು ದಿನವೂ ಮರೆತವರಲ್ಲ.

ನನಗೆ ಮಾತ್ರ ಅದು ನನ್ನ ನಾಯಿ. ಎಪ್ಪತ್ತರ ದಶಕದ ಮಾತು ಇದು. ನಮ್ಮದು ನವಲಗುಂದ ತಾಲೂಕಿನ ಒಂದು ಸಣ್ಣ ಊರು. ಗಂಡ ಅಳ್ನಾವರದಲ್ಲಿ ಗುಮಾಸ್ತನಾಗಿದ್ದ, ಹದಿನೈದು ದಿನಕ್ಕೊಮ್ಮೆ ಬರುತ್ತಿದ್ದ. ಮಾವ ಮೊದಲೇ ತೀರಿಕೊಂಡಿದ್ದರು. ಮನೆಯಲ್ಲಿ ನಾನು ಮತ್ತು ಅತ್ತೆ, ಇಬ್ಬರಿಗೂ ಮಾತು ಕಡಿಮೆ, ಸಿಟ್ಟು ಜಾಸ್ತಿ. ನಮ್ಮ ಕಡೆ ಬಾವಿಯ ನೀರು ಉಪ್ಪು, ಕುಡಿಯಲು ಕೆರೆಯಿಂದಲೇ ತರಬೇಕು. ನಾನು ಕೊಡ ಹೊತ್ತು ಹೊರಟರೆ ಆ ಕಂದು ನಾಯಿ ನಾಲ್ಕು ಹೆಜ್ಜೆ ಮುಂದೆ ನಡೆಯುತ್ತಿತ್ತು. ಅತ್ತೆಯ ಮೇಲಿನ ದೂರನ್ನೆಲ್ಲ ದಾರಿಯುದ್ದಕ್ಕೂ ಅದರ ಕಿವಿಗೇ ಹಾಕುತ್ತಿದ್ದೆ. ಚಾಡಿ ಹೇಳುವ ಗುಣ ಅದಕ್ಕಿರಲಿಲ್ಲ.

ಆ ಬೇಸಿಗೆಯ ಕೊನೆಗೆ ಪಕ್ಕದ ಊರಿನಲ್ಲಿ ಹುಚ್ಚುನಾಯಿಯೊಂದು ಎರಡು ಕರುಗಳನ್ನೂ ಒಬ್ಬ ಮನುಷ್ಯನನ್ನೂ ಕಚ್ಚಿತು. ಆತ ಹೊಕ್ಕುಳ ಸುತ್ತ ಹದಿನಾಲ್ಕು ಸೂಜಿ ಚುಚ್ಚಿಸಿಕೊಳ್ಳಬೇಕಾಯಿತು. ನಮ್ಮೂರಿನ ಹಿರಿಯರು ಹೆದರಿ ಡಂಗುರ ಸಾರಿಸಿದರು. ಸೋಮವಾರ ಬಂದೂಕಿನವನು ಬರುತ್ತಾನೆ, ಹುಚ್ಚು ಬರದಂತೆ ಸೂಜಿ ಹಾಕಿಸಿದ ಚೀಟಿ ಯಾರ ಹತ್ತಿರ ಇದೆಯೋ ಅವರ ನಾಯಿಯನ್ನಷ್ಟೇ ಬಿಡುತ್ತಾನೆ. ಆವರೆಗೆ ನಾಯಿಗೆ ಸೂಜಿ ಹಾಕಿಸಿದವರು ನಮ್ಮೂರಿನಲ್ಲಿ ಒಬ್ಬರೂ ಇರಲಿಲ್ಲ. ದನಕ್ಕಾದರೆ ಸರಿ, ನಾಯಿಗೆಂಥ ಸೂಜಿ ಎಂದು ನಗುವವರೇ ಎಲ್ಲ.

ಪುಣ್ಯಕ್ಕೆ ಅದೇ ಶನಿವಾರ ದನದ ಡಾಕ್ಟರರು ಬರುವವರಿದ್ದರು. ಮಳೆಗಾಲಕ್ಕೆ ಮೊದಲು ಎತ್ತು, ಎಮ್ಮೆಗಳಿಗೆ ಗಂಟಲುಬೇನೆಯ ಸೂಜಿ ಹಾಕುವುದು ವರ್ಷದ ರೂಢಿ. ನವಲಗುಂದಕ್ಕೆ ಹೋಗಿ ಅವರನ್ನು ಕೇಳಿದೆ. ನಾಯಿಯ ಔಷಧ ತಮ್ಮಲ್ಲಿಲ್ಲ, ಹುಬ್ಬಳ್ಳಿಯಿಂದ ನಾನೇ ಬರ್ಫಿನಲ್ಲಿ, ಅಂದರೆ ಮಂಜುಗಡ್ಡೆಯಲ್ಲಿ, ಇಟ್ಟು ತರಬೇಕು ಎಂದರು. ಆಮೇಲೆ ತಾವು ನಮ್ಮೂರಿಗೆ ಬರುವುದು ತಿಂಗಳ ಮೇಲೆಯೇ ಎಂದೂ ಹೇಳಿದರು.

“ಬಿಸಿ ತಾಗಿತಂದ್ರ ಅದು ಔಷಧ ಅಲ್ಲರಿ, ಬರೇ ನೀರು. ಅಷ್ಟು ನೆಪ್ಪಿಡ್ರಿ.”

ಗೋವಾದ ಕಡೆಯಿಂದ ಬಂದದ್ದೆಂದು ನನ್ನ ಗಂಡ ಅಳ್ನಾವರದಿಂದ ಒಂದು ಫ್ಲಾಸ್ಕ್ ತಂದಿದ್ದ. ನೀಲಿ ಬಣ್ಣದ್ದು. ಇಡೀ ಓಣಿಗೆ ಅದೊಂದೇ, ಬೀಗರು ಬಂದಾಗ ಮಾತ್ರ ಗೋಡೆಯ ಗೂಡಿನಿಂದ ಕೆಳಗಿಳಿಯುತ್ತಿತ್ತು. ಅದನ್ನು ಹಿಡಿದು ಶನಿವಾರ ಮೊದಲ ಬಸ್ಸಿಗೆ ಹುಬ್ಬಳ್ಳಿಗೆ ಹೋದೆ. ಔಷಧದ ಅಂಗಡಿಯವನು ಬೆರಳುದ್ದದ ಶೀಶೆಯೊಂದನ್ನು ಬರ್ಫಿನ ಚೂರುಗಳ ನಡುವೆ ಇಳಿಸಿ ಕೊಟ್ಟ. ಬರುವಾಗ ಬಸ್ಸಿನಲ್ಲಿ ಫ್ಲಾಸ್ಕನ್ನು ಕೂಸಿನಂತೆ ತೊಡೆಯ ಮೇಲೆ ಇಟ್ಟುಕೊಂಡಿದ್ದೆ. ಬಾಜೂಕೆ ಕೂತ ಹೆಂಗಸು ಚಹಾ ಇದೆಯೇ ಎಂದು ಆಸೆಯಿಂದ ಕೇಳಿದಳು. ನಾಯಿಯ ಔಷಧ ಎಂದೆ. ಆಕೆ ಸರಿದು ಕೂತಳು, ನನಗೆ ಜಾಗ ಆಯಿತು. ನನಗೋ ಜೀವ ತಡೆಯದು. ಬಸ್ಸು ನಿಂತಲ್ಲೆಲ್ಲ ಮುಚ್ಚಳ ತೆಗೆದು ಬರ್ಫ್ ಉಳಿದಿದೆಯೇ ಎಂದು ನೋಡುತ್ತಿದ್ದೆ.

ಮನೆ ಮುಟ್ಟಿದಾಗ ಮಧ್ಯಾಹ್ನ. ಊರ ಹೊರಗಿನ ಬೇವಿನ ಮರದ ಕೆಳಗೆ ಆಗಲೇ ದನಗಳ ಸಾಲು ನಿಂತಿತ್ತು. ಕಟ್ಟೆಯ ಮೇಲೆ ನಾಯಿ ಇರಲಿಲ್ಲ. ಫ್ಲಾಸ್ಕನ್ನು ಪಡಸಾಲೆಯಲ್ಲಿಟ್ಟು, ಇದು ತಣ್ಣಗಿರಬೇಕು ಎಂದು ಅತ್ತೆಗೆ ಹೇಳಿ, ಹಗ್ಗ ಹಿಡಿದು ನಾಯಿಯನ್ನು ಹುಡುಕಲು ಓಡಿದೆ. ದಿನವಿಡೀ ಕಾಲಿಗೆ ತೊಡರಿಕೊಳ್ಳುವ ಪ್ರಾಣಿ, ಬೇಕಾದಾಗ ಪತ್ತೆಯಿಲ್ಲ. ಕೊನೆಗೆ ಕೆರೆಯ ದಂಡೆಯಲ್ಲಿ ಸಿಕ್ಕಿತು. ಎಳೆದುಕೊಂಡು ಬರುವಷ್ಟರಲ್ಲಿ ತಾಸು ಕಳೆದಿತ್ತು.

ಬೇವಿನ ಮರದ ಹತ್ತಿರ ಬಂದು ನೋಡುತ್ತೇನೆ, ಡಾಕ್ಟರರು ಕಲ್ಲಿನ ಮೇಲೆ ಕೂತಿದ್ದಾರೆ. ಅತ್ತೆ ಆ ನೀಲಿ ಫ್ಲಾಸ್ಕನ್ನು ಬಗ್ಗಿಸಿ ಅವರಿಗೆ ಹೊಗೆಯಾಡುವ ಚಹಾ ಸುರಿಯುತ್ತಿದ್ದಾರೆ.

ಔಷಧದ ಕಥೆ ಮುಗಿಯಿತು ಎಂದುಕೊಂಡೆ. ಮರುಗಳಿಗೆ ಸಿಟ್ಟು ನೆತ್ತಿಗೇರಿತು. ಊರ ಮಂದಿ ನೋಡುತ್ತಿದ್ದಾರೆ, ನಾನು ಸೊಸೆ, ಯಾವುದೂ ನೆನಪಾಗಲಿಲ್ಲ.

“ಕೊಂದ್ರಿ ಅದನ್ನ,” ಅಂದೆ. “ಬಂದೂಕಿನಾಂವ ಯಾಕ ಬೇಕು, ನೀವಾ ಕೊಂದ್ರಿ. ನಿಮಗ ಅದು ಎಂದಾದರೂ ಬೇಕಾಗಿತ್ತೇನು?”

ಡಾಕ್ಟರರ ಕೈಯಲ್ಲಿನ ಕಪ್ಪು ಅರ್ಧಕ್ಕೇ ನಿಂತಿತು. ಎಮ್ಮೆ ಹಿಡಿದವರೆಲ್ಲ ನನ್ನನ್ನೇ ನೋಡಿದರು. ಅತ್ತೆ ಸಾವಕಾಶ ಮುಚ್ಚಳ ತಿರುವಿದರು. ಡಾಕ್ಟರರಿಗೆ ಚಹಾ ಮುಗಿಸಿ ಮನೆ ಕಡೆ ಬರಲು ಹೇಳಿ, ನನ್ನತ್ತ ತಿರುಗಿ ನೋಡದೆ ನಡೆದರು. ನಾನು ನಾಯಿಯನ್ನೂ ಅಳುವನ್ನೂ ಎಳೆದುಕೊಂಡು ಹಿಂದೆ ಹೋದೆ.

ಅತ್ತೆ ನೇರವಾಗಿ ದೇವರ ಕೋಣೆಗೆ ಹೋದರು. ಅಲ್ಲಿ ಮೂಲೆಯಲ್ಲಿ, ಒದ್ದೆ ಮರಳಿನ ಮೇಲೆ, ಪೂಜೆಯ ನೀರಿನ ಸಣ್ಣ ಮಣ್ಣಿನ ಹರವಿ ಇರುತ್ತಿತ್ತು. ಆ ಹರವಿಯನ್ನು ಸ್ನಾನ ಮಾಡಿದ ಮೇಲೂ ನಾನು ಮುಟ್ಟುವಂತಿರಲಿಲ್ಲ. ಅದರ ಮೇಲೆ ಹಿಂಡಿದ ಒದ್ದೆ ಬಟ್ಟೆ ಹೊದಿಸಿತ್ತು. ಬಾಯಿಯಿಂದ ಒಂದು ದಾರ ಹೊರಗೆ ಬಂದಿತ್ತು. ಅತ್ತೆ ಬಟ್ಟೆ ಸರಿಸಿ ದಾರ ಎಳೆದರು. ತುದಿಯಲ್ಲಿ ನನ್ನ ಶೀಶೆ. ನೀರಿನ ಮೇಲೆ ಗುಲಗಂಜಿಯಷ್ಟು ಸಣ್ಣ ಬರ್ಫಿನ ಚೂರುಗಳು ಇನ್ನೂ ತೇಲುತ್ತಿದ್ದವು.

“ನೀ ತಂದಾಗ ಬರ್ಫ ಭಾಳಷ್ಟು ಕರಗಿತ್ತು,” ಎಂದರು. “ಹಿಡಿಯಷ್ಟು ಉಳದಿತ್ತು. ಮನ್ಯಾಗ ಇದಕ್ಕಿಂತ ತಂಪು ಜಾಗಾ ಬ್ಯಾರೆ ಎಲ್ಲೈತಿ? ನೀ ಬರೂತನಕ ಡಾಕ್ಟರನ್ನ ಕೂಡಸಬೇಕಿತ್ತು, ಅದಕ್ಕ ಫ್ಲಾಸ್ಕಿನ್ಯಾಗ ಚಹಾ ಒಯ್ದೆ.”

ಹಿಂದೆಯೇ ಬಂದ ಡಾಕ್ಟರರು ಶೀಶೆಯನ್ನು ಕೆನ್ನೆಗೆ ಒತ್ತಿಕೊಂಡು ನೋಡಿದರು. ಅಗದಿ ತಣ್ಣಗಿದೆ, ನಡೆಯುತ್ತದೆ ಎಂದರು. ಆಮೇಲೆ, ದಾರಿಯಲ್ಲಿ ಮುಚ್ಚಳ ಎಷ್ಟು ಸಲ ತೆಗೆದಿರಿ ಎಂದು ನನ್ನನ್ನು ಕೇಳಿದರು.  ಹೋದ ಜೀವ ತಿರುಗಿ ಬಂದಂತಾಗಿತ್ತು, ಮುಖ ಮಾತ್ರ ನೆಲದಲ್ಲಿ ಹುದುಗಿಸುವಂತಾಗಿತ್ತು.

ಕಟ್ಟೆಯ ಮೇಲೆ ನಾಯಿಯ ಬಾಯಿಯನ್ನು ಬಟ್ಟೆಯಿಂದ ಕಟ್ಟಿ ನಾನು ಹಿಡಿದೆ, ಡಾಕ್ಟರರು ಚುಚ್ಚಿದರು. ಅದು ಕುಂಯ್ ಎನ್ನಲಿಲ್ಲ, ಯಾರು ಮುಟ್ಟಿದರು ಎಂಬಂತೆ ಹಿಂದೆ ತಿರುಗಿ ನೋಡಿತು, ಅಷ್ಟೇ. ವರ್ಷಕ್ಕೊಮ್ಮೆ ಮರೆಯದೆ ಹಾಕಿಸಬೇಕು ಎಂದು ಹೇಳಿ ಅವರು ಚೀಟಿ ಬರೆಯಲು ಕೂತರು. ಯಾರ ನಾಯಿ ಎಂದು ಬರೆಯಲಿ ಎಂದಾಗ ಅತ್ತೆ, ಕಟ್ಟೆ ಮೇಲಿನ ನಾಯಿ ಎಂದು ಬರೆಯಿರಿ ಎಂದರು. ಡಾಕ್ಟರರು ನಕ್ಕು ನನ್ನ ಗಂಡನ ಹೆಸರು ಬರೆದರು.

ಸಂಜೆ ತಪ್ಪಾಯಿತೆಂದು ಅತ್ತೆಯ ಕಾಲು ಮುಟ್ಟಲು ಹೋದೆ. ಕಾಲು ಹಿಂದೆ ಸೆಳೆದುಕೊಂಡು, ಮೊದಲು ಫ್ಲಾಸ್ಕ್ ತೊಳೆದಿಡು ಎಂದರು. ಮರುದಿನ ಅದೇ ಹರವಿಯ ನೀರಿನಿಂದ ಪೂಜೆಗೆ ಕೂತದ್ದನ್ನು ಕಂಡು ನನಗೆ ಆಶ್ಚರ್ಯ. ಕೇಳಿಯೇಬಿಟ್ಟೆ. ಔಷಧಕ್ಕೆ ಎಂಥ ಮೈಲಿಗೆ ಎಂದರು.

ಸೋಮವಾರ ಬಂದೂಕಿನವನು ನಮ್ಮ ಓಣಿಗೂ ಬಂದ. ನಾನು ನಾಯಿಯನ್ನು ತಬ್ಬಿಕೊಂಡು ಕಟ್ಟೆಯ ಮೇಲೆ ಕೂತಿದ್ದೆ. ಚೀಟಿಯನ್ನು ಅತ್ತೆಯೇ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಆತ ಓದಿ, ತಲೆಯಾಡಿಸಿ ಮುಂದೆ ಹೋದ. ಕೆಳಗಿನ ಓಣಿಯಿಂದ ಎರಡು ಸಲ ಸದ್ದು ಕೇಳಿಸಿತು. ಆ ನಾಯಿಗಳಿಗಾಗಿ ಸಂಕಟವಾಯಿತು, ನನ್ನದು ಉಳಿಯಿತೆಂದು ಸಮಾಧಾನವೂ ಆಯಿತು. ಎರಡೂ ಸುಳ್ಳಲ್ಲ.

ಮುಂದಿನ ಬೇಸಿಗೆ ಗಂಡ ಊರಿಗೆ ಬಂದು ಅಳ್ನಾವರಕ್ಕೆ ಮರಳುವ ದಿನ. ದಾರಿಗೆ ಚಹಾ ಕೊಡೋಣವೆಂದು ನಾನು ಗೂಡಿನಿಂದ ಫ್ಲಾಸ್ಕ್ ಇಳಿಸಿದೆ. ಅತ್ತೆ ರೊಟ್ಟಿ ಬಡಿಯುತ್ತಿದ್ದವರು ಎದ್ದು ಬಂದು, ಹಿಟ್ಟಿನ ಕೈಯಿಂದಲೇ ಅದನ್ನು ನನ್ನ ಕೈಯಿಂದ ತೆಗೆದುಕೊಂಡರು. ಸೂಜಿಯ ದಿನ ಹತ್ತಿರ ಬಂತು, ನೆನಪಿದೆಯೋ ಇಲ್ಲವೋ ಎಂದು ನನ್ನನ್ನು ಗದರಿ, ಮಗನ ಕಡೆ ತಿರುಗಿದರು.

“ಚಹಾಕ್ಕ ಬ್ಯಾರೆ ತಗೋಪಾ. ಇದು ನಮ್ಮ ನಾಯಿದು.”