ನೀಲಗಂಗಮ್ಮ ಬರೆಯುವ ಕಬಡ್ಡಿ ಅಂಕಣ

ಹೇಮಾವತಿಯ ಕಡೆಯಿಂದ ಬಂದ ಮಂಜು ಇನ್ನೂ ಕರಗಿಲ್ಲ. ಹೊಳೆನರಸೀಪುರದ ಶಾಲೆಯೊಂದರ ಮೈದಾನದಲ್ಲಿ ನೀಲಗಂಗಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ, ತೂತು ಕೊರೆದ ಡಬ್ಬಿಯಿಂದ ಸುಣ್ಣದ ಪುಡಿ ಉದುರಿಸುತ್ತಾ ಹಿಂದಕ್ಕೆ ನಡೆಯುತ್ತಿದ್ದಾರೆ. ಗೆರೆಗೆ ಗುರುತಾಗಿ ಹಿಡಿದ ಹಗ್ಗದ ಒಂದು ತುದಿ ಮೂಲೆಯ ಗೂಟಕ್ಕಿದೆ, ಇನ್ನೊಂದು ತುದಿ ಕಾವಲುಗಾರ ಕೆಂಚಯ್ಯನ ಕೈಯಲ್ಲಿದೆ.

"ಬಿಗಿಯಾಗಿ ಇಡ್ಕೊಳೋ ಕೆಂಚ! ಅಗ್ಗ ನಿನ್ ಮೀಸೆ ಅಂಗೆ ಜೋತ್ಬಿದ್ದದೆ."

"ಮೀಸೆ ಸುದ್ದಿಗ್ ಬರ್ಬ್ಯಾಡ ನೀಲಕ್ಕ, ನಿನ್ ಗೆರೆ ನೋಡ್ಕೊ!"

ಇವತ್ತು ತಾಲ್ಲೂಕು ಮಟ್ಟದ ಹುಡುಗಿಯರ ಕಬಡ್ಡಿ. ಉಳಿದ ದಿನ ಇಲ್ಲಿ ಬಿಸಿಯೂಟ ಬೇಯಿಸುವ ನೀಲಗಂಗಮ್ಮನೇ ಪಂದ್ಯದ ದಿನ ಅಂಕಣ ಬರೆಯುವವರು. ಕಳೆದ ವರ್ಷ ಕಾಲು ಗೆರೆಯ ಒಳಗೋ ಹೊರಗೋ ಎಂದು ಜಗಳ ಹತ್ತಿ, ಗೆರೆಯೇ ಸರಿಯಿಲ್ಲವೆಂದು ಫೈನಲ್ ಅರ್ಧಕ್ಕೆ ನಿಂತಿತ್ತು. "ಯೆಣ್ಮಕ್ಳು ಅತ್ಕೊಂಡೇ ಬಸ್ ಅತ್ತುದ್ರು ಕಣಮ್ಮ. ನಂಗೆ ಅನ್ನ ಇಳೀನಿಲ್ಲ. ಈ ಸಲ ಯಾರಾನಾ ಗೆಲ್ಲಲಿ, ಆಟ ಪೂರ್ತಿ ಮುಗೀಬೇಕು," ಎಂದು ನೋಡಲು ಬಂದ ನನಗೆ ಹೇಳುತ್ತಾರೆ.

ಉದ್ದದ ಗೆರೆಗಳನ್ನು ಕಾಂಪೌಂಡ್ ಗೋಡೆಗೆ, ಅಡ್ಡಗೆರೆಗಳನ್ನು ಧ್ವಜದ ಕಟ್ಟೆಗೆ ಸಮಾನಾಂತರವಾಗಿ ಎಳೆದಿದ್ದಾರೆ. ಎದುರುಬದುರಿನ ಬದಿಗಳನ್ನು ಅಳೆದರೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಇಷ್ಟಾದರೂ ಮನಸ್ಸು ಕೇಳದೆ, ಮೂಲೆಯಿಂದ ಎದುರು ಮೂಲೆಗೆ ಹಗ್ಗ ಹಿಡಿದು ನೋಡುತ್ತಾರೆ; ಅಂಕಣ ನೇರವಿದ್ದರೆ ಎರಡು ಕರ್ಣಗಳೂ ಸಮ ಬರಬೇಕು. ಒಂದು ಜೋಡಿ ಮೂಲೆಗೆ ಸರಿಹೋದ ಹಗ್ಗ ಇನ್ನೊಂದು ಜೋಡಿಗೆ ಮೊಳದಷ್ಟು ಸಾಲದು! ಗೋಡೆಯೂ ಕಟ್ಟೆಯೂ ಒಂದಕ್ಕೊಂದು ಲಂಬವಾಗಿಯೇ ಇಲ್ಲ. ಎರಡನ್ನೂ ನಂಬಿದ ಅಂಕಣ, ಖಾಲಿ ಬೆಂಕಿಪೊಟ್ಟಣವನ್ನು ಒಂದು ಕಡೆ ಒತ್ತಿದ ಹಾಗೆ ಓರೆಯಾಗಿ ಮಲಗಿದೆ.

"ಅಯ್ಯೋ, ಓದ್ ವರ್ಸಾನೂ ಇದೇ ಕಣೋ ಆಗಿದ್ದು! ಗೋಡೆ ನಂಬಿ ಕೆಟ್ಟೆ."

ಅಷ್ಟರಲ್ಲಿ ಹಳ್ಳಿಮೈಸೂರಿನ ತಂಡ ಬಸ್ಸಿಳಿದು ಗೇಟಿಗೆ ಬಂದಿದೆ. ಪಿ.ಟಿ. ಟೀಚರ್ ರೂಪಶ್ರೀ ಓಡಿ ಬರುತ್ತಾರೆ. "ಇನ್ನೂ ಎಷ್ಟೊತ್ತು ನೀಲಮ್ಮ?"

"ಚೂರು ತಡೀರಿ ಮಿಸ್ಸು. ಕಾದ್ರೆ ಏನೂ ಆಗಾಕಿಲ್ಲ, ಓರೆ ಅಂಕಣದಾಗೆ ಆಡ್ಸಾಕ್ ನಾನು ಬಿಡಾಕಿಲ್ಲ."

ಓರೆ ಗೆರೆಗಳ ಮೇಲೆ ಪೊರಕೆ ಆಡುತ್ತದೆ, ಸುಣ್ಣದ ಧೂಳು ಏಳುತ್ತದೆ. ಒಂದು ಬದಿಯ ಗೂಟಗಳು ಸರಿಯುತ್ತವೆ. ಮತ್ತೆ ಹಗ್ಗ, ಮತ್ತೆ ಮೂಲೆ. "ಬಂತು! ಎಲ್ಡೂ ಸಮ ಬಂತು ಕಣ್ಲಾ!" ನೀಲಗಂಗಮ್ಮ ಕೂಗಿದ ಖುಷಿಗೆ, ಏನೆಂದು ತಿಳಿಯದ ಹುಡುಗಿಯರೂ ಚಪ್ಪಾಳೆ ತಟ್ಟುತ್ತಾರೆ. ನಡುಗೆರೆ, ಬೋನಸ್ ಗೆರೆ, ಅಡ್ಡಗೆರೆಗಳೆಲ್ಲ ಹೊಸದಾಗಿ ಸಾಲು ಹಿಡಿಯುತ್ತವೆ.

ಮಧ್ಯಾಹ್ನದ ಫೈನಲ್‌ನಲ್ಲಿ ಹಳ್ಳಿಮೈಸೂರಿಗೂ ಹಳೇಕೋಟೆಗೂ ಸರಿಸಮ ಪಂದ್ಯ. ಕೊನೆಯ ರೈಡಿನಲ್ಲಿ ಹಳ್ಳಿಮೈಸೂರಿನ ಹುಡುಗಿಯ ಹೆಬ್ಬೆರಳು ಬದಿಯ ಗೆರೆಯಾಚೆ ಬೀಳುತ್ತದೆ. ಸೀಟಿ. ಹುಡುಗಿ ಗೆರೆ ನೋಡುತ್ತಾಳೆ, ತನ್ನ ಕಾಲು ನೋಡುತ್ತಾಳೆ, ನಾಲಿಗೆ ಕಚ್ಚಿಕೊಂಡು ಹೊರಗೆ ನಡೆಯುತ್ತಾಳೆ. ಒಂದೇ ಅಂಕದಿಂದ ಹಳೇಕೋಟೆ ಗೆಲ್ಲುತ್ತದೆ.

ಎರಡೂ ತಂಡದವರು ಕೈಕುಲುಕುವುದನ್ನು ನೀಲಗಂಗಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಾರೆ. "ಸೋತೋರು ಆಟದಲ್ಲೇ ಸೋತ್ರು ಕಣಮ್ಮ," ಎಂದು ಬೆವರು ಒರೆಸಿಕೊಳ್ಳುತ್ತಾರೆ. "ನನ್ ಗೆರೇಲಲ್ಲ."