ಕಡಲೆ ಉದುರಿದ ತಿರುವು

ತಂಗಿ, ತಮ್ಮಾ, ನಿಮ್ಮ ಚಿಗವ್ವ, ನನ್ನ ಕಿರಿ ಮಗಳು, ಸೈಕಲ್ ರೇಸಿನಲ್ಲಿ ಹೇಗೆ ಬಿದ್ದಳೆಂದು ಎಷ್ಟೋ ಸಲ ಕೇಳಿದ್ದೀರಿ. ‘ಬ್ರೇಕ್ ಹಿಡೀಲಿಲ್ಲ, ನಂದ ತಪ್ಪು’ ಎಂದು ಅವಳೇ ಹೇಳುತ್ತಾಳೆ. ಆಗೆಲ್ಲ ನಾನು ಎದ್ದು ಒಲೆಯ ಮುಂದೆ ಹೋಗಿ ಕೂತುಬಿಡುತ್ತೇನೆ. ಬಾಯಿಂದ ಹೇಳಲಾರದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಊರ ಶಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಓದಿದವಳು ನಾನು, ತಪ್ಪಿದ್ದರೆ ತಿದ್ದಿಕೊಳ್ಳಿ.

ಮೂರು ವರ್ಷದ ಹಿಂದಿನ ಮಾತು. ಅದು ನಾಲ್ಕು ದಿನದ ರೇಸು. ದಿನಕ್ಕೊಂದು ದಾರಿ. ನಾಲ್ಕೂ ದಿನದ ವೇಳೆ ಕೂಡಿಸಿದರೆ ಯಾರದು ಕಡಿಮೆಯೋ ಅವರು ಗೆದ್ದಂತೆ. ಎರಡು ದಿನ ಮುಗಿದಾಗ ನಿಮ್ಮ ಚಿಗವ್ವ ಮುಂದಿದ್ದಳು. ಮುಂದಿದ್ದವರು ತೊಡುವ ಹಳದಿ ಅಂಗಿ ಅವಳ ಮೈಮೇಲಿತ್ತು. ಗೆದ್ದರೆ ದೊಡ್ಡ ತಂಡದಲ್ಲಿ ಸಂಬಳದ ಕೆಲಸ ಎಂದಿದ್ದರಂತೆ. ಮೂರನೆಯ ದಿನದ ದಾರಿ ಸಂಶಿ ಊರಿನ ಮೇಲಿಂದ ಬಂದು ನಮ್ಮ ಹೊಲದ ಬಾಜೂಕಿನ ತಿರುವು ಹಾಯುವುದಿತ್ತು.

ಹಿಂದಿನ ಸಂಜೆ ಫೋನ್ ಮಾಡಿದ್ದಳು.

‘ಅವ್ವಾ, ನಮ್ಮ ಹೊಲದ ತಿರುವಿನ್ಯಾಗ ನಿಂದರು. ಅಲ್ಲೆ ಎಲ್ಲಾರೂ ಬ್ರೇಕ್ ಹಿಡೀತಾರ. ನಾ ಹಿಡ್ಯಾಂಗಿಲ್ಲ. ಸಾಲಿಗೆ ಹೋಗೂಮುಂದ ದಿನಾ ಹೊಡದ ದಾರಿ ಅದು.’

‘ಜ್ವಾಕಿ ಬೇ.’

‘ನಾ ಕಟ್ಟಿ ಮ್ಯಾಲೆ ಕುಂತ್ರೂ ನೀ ಜ್ವಾಕಿ ಅಂತೀ,’ ಎಂದು ನಕ್ಕಳು.

ಅದೇ ಹೊತ್ತಿಗೆ ಅದೇ ತಿರುವಿನಲ್ಲಿ ನಮ್ಮ ಕಡಲೆ ಹಾಸಿತ್ತು. ಕಿತ್ತು ಒಣಗಿಸಿದ ಗಿಡವನ್ನು ಡಾಂಬರಿನ ಮೇಲೆ ಹರವುತ್ತೇವಲ್ಲ, ಬಸ್ಸು ಲಾರಿಗಳ ಗಾಲಿಯೇ ತುಳಿದು ಕಾಳು ಬಿಡಿಸುತ್ತದೆ. ಅವಳಿಗೆ ಅದನ್ನು ಹೇಳಲಿಲ್ಲ. ಬೆಳಗಿನೊಳಗೆ ರಸ್ತೆ ಖಾಲಿ ಮಾಡಬೇಕೆಂದು ಪಂಚಾಯ್ತಿಯವರು ಸಾರಿಹೋಗಿದ್ದರು, ಮನೆಯವರು ಮಾಡುತ್ತಾರೆ ಅಂದುಕೊಂಡೆ.

ಬೆಳಿಗ್ಗೆ ನನ್ನ ಭಾವ, ಅಂದರೆ ನಿಮ್ಮ ಅಜ್ಜನ ಅಣ್ಣ, ಎಲ್ಲವನ್ನೂ ಬದಿಗೆ ಎಳೆಸಿ ರಾಶಿ ಮಾಡಿಸಿದರು. ಆದರೆ ಉದುರಿದ ಕಾಳು ರಸ್ತೆಯ ಮೇಲೆ ಹಾಗೇ ಉಳಿಯಿತು. ರಾಶಿಗೆ ಪೂಜೆಯಾಗುವ ತನಕ ಕಣದಲ್ಲಿ ಕಸಬರಿಗೆ ಆಡಿಸಬಾರದು, ಆಡಿಸಿದರೆ ಲಕ್ಷ್ಮಿ ಹೊರಟುಹೋಗುತ್ತಾಳೆ ಎಂಬುದು ನಮ್ಮ ಮನೆಯ ರೂಢಿ. ನಮಗೆ ಆ ರಸ್ತೆಯೇ ಕಣ. ಪೂಜೆ ಮಧ್ಯಾಹ್ನಕ್ಕೆ, ರೇಸು ಹತ್ತಕ್ಕೆ.

ಮದುವೆಯಾಗಿ ಬಂದಾಗಿನಿಂದ ನಾನು ಭಾವನ ಎದುರು ನಿಂತು ಮಾತಾಡಿದವಳಲ್ಲ. ಏನಿದ್ದರೂ ಅವರ ಹೆಂಡತಿಯ ಮೂಲಕ.

‘ಅಕ್ಕಾ, ಕಾಳ ಬಿದ್ದಾವ್ರಿ. ಗಾಲಿ ಜಾರತೈತಿ. ಕಸಬರಿಗಿ ಹಚ್ಚಲೇನು ಕೇಳ್ರಿ.’

ಅಕ್ಕ ಕೇಳಿದಳು. ಎರಡು ಮಾರು ದೂರದಲ್ಲೇ ಇದ್ದ ಭಾವ ನನಗೂ ಮುಟ್ಟುವ ಹಾಗೆ ಅವಳಿಗೆ ಹೇಳಿದರು: ‘ಬಸ್ಸಿಗೆ ಜಾರದ ಕಾಳು ಸೈಕಲ್ಲಿಗೆ ಜಾರತೈತೇನು? ಪೂಜಿ ಆಗ್ಲಿ ಅನ್ನು ಆಕೀಗೆ.’

‘ಕೇಳಿಸ್ತಲ್ಲಾ?’ ಎಂದಳು ಅಕ್ಕ.

ಜನ ಎರಡೂ ಬದಿ ಸೇರಿದರು. ಬಿಸಿಲೇರಿದ ಹಾಗೆ ಕಾಳು ಹೊಳೆಯತೊಡಗಿದವು. ಅವುಗಳ ಮೇಲಿಂದ ನನ್ನ ಕಣ್ಣು ಕೀಳಲಾಗಲಿಲ್ಲ. ಕಸಬರಿಗೆ ಸೆರಗಿನಡಿ ಹಿಡಿದು ನಿಂತಿದ್ದೆ. ಮೊದಲು ಕೆಂಪು ಬಾವುಟದ ಜೀಪು ಬಂತು. ಅದರ ಗಾಲಿಯಡಿ ಕಡಲೆ ಚಟಚಟ ಸಿಡಿದು, ಒಂದು ಕಾಳು ನನ್ನ ಕಾಲಿಗೇ ಬಡಿಯಿತು. ಡಾಂಬರಿನ ಮೇಲೆ ಒಂದು ಹೆಜ್ಜೆ ಇಟ್ಟೆ. ಆಚೆ ಬದಿಯಿಂದ ಭಾವ ನನ್ನನ್ನೇ ನೋಡುತ್ತಿದ್ದರು. ಹೆಜ್ಜೆ ಹಿಂದೆ ತೆಗೆದುಕೊಂಡೆ.

ಹಳದಿ ಅಂಗಿ ಎಲ್ಲರಿಗಿಂತ ಮುಂದೆ ಬಂತು. ‘ಬಿಡಬ್ಯಾಡ ತಂಗೀ, ಹೊಡಿ!’ ಎಂದು ಯಾರೋ ಕೂಗಿದರು. ಬ್ರೇಕ್ ಹಿಡಿಯುವುದಿಲ್ಲ ಎಂದಿದ್ದಳು, ಹಿಡಿಯಲಿಲ್ಲ. ಸೈಕಲ್ಲು ಒಳಬದಿಗೆ ವಾಲಿತು, ಹಿಂದಿನ ಗಾಲಿ ಹೊರಗೆ ಸರಿಯಿತು. ತುಂಬಿದ ಚೀಲ ಕೆಡವಿದಂಥ ಸದ್ದು. ಹಿಂದೆ ಬಂದ ಹುಡುಗಿಯರು ವೇಗ ತಗ್ಗಿಸಿ ಅವಳನ್ನು ಬಳಸಿಕೊಂಡು ಹೋದರು.

ಹೆಗಲ ಎಲುಬು ಮುರಿದಿತ್ತು. ಅಂಬುಲೆನ್ಸಿನವರು ‘ತಾಯಿ ಯಾರ್ರಿ, ಹತ್ರಿ’ ಎಂದರು. ನಾನು ಅಕ್ಕನನ್ನು ಹತ್ತಿಸಿದೆ. ‘ಹಿಂದಿಂದ ಬರ್ತೀನ್ರಿ’ ಎಂದೆ.

ಯಾಕೆಂದು ಈಗ ಬರೆಯಲೇಬೇಕು. ಗಾಡಿ ಮರೆಯಾದದ್ದೇ ತಡ, ನಾನು ಆ ತಿರುವನ್ನೆಲ್ಲ ಗುಡಿಸಿದೆ. ಪೂಜೆಯಾಗಿರಲಿಲ್ಲ. ಭಾವ ನೋಡುತ್ತಲೇ ಇದ್ದರು. ಮನೆತನದ ಹೆಸರು ಕೆಡಬಾರದು ಎಂದಷ್ಟೇ ಆಗ ನನ್ನ ತಲೆಯಲ್ಲಿದ್ದದ್ದು. ರೇಸಿನವರು ರಸ್ತೆ ನೋಡಲು ತಿರುಗಿ ಬಂದಾಗ ಅಲ್ಲಿ ಒಂದು ಕಾಳೂ ಇರಲಿಲ್ಲ. ರಸ್ತೆ ಸ್ವಚ್ಛವಿದೆ, ಹುಡುಗಿಯದೇ ತಪ್ಪು ಎಂದು ಬರೆದುಕೊಂಡು ಹೋದರು. ದೊಡ್ಡ ತಂಡದವರು ಅವಳನ್ನು ಕರೆಯಲಿಲ್ಲ.

ಎಲುಬು ಕೂಡಿತು. ಈಗಲೂ ಸೈಕಲ್ ಹೊಡೆಯುತ್ತಾಳೆ. ಆದರೆ ಪ್ರತಿ ತಿರುವಿನಲ್ಲೂ ಬ್ರೇಕ್ ಹಿಡಿಯುತ್ತಾಳಂತೆ. ‘ನನಗ ನನ್ನ ಮ್ಯಾಲೆ ನಂಬಿಗಿ ಇಲ್ಲವ್ವಾ’ ಎಂದು ಹೋದ ದೀಪಾವಳಿಗೆ ನನ್ನ ತೊಡೆಯ ಮೇಲೆ ತಲೆಯಿಟ್ಟು ಹೇಳಿದಳು. ಆಗಲೂ ನಾನು ಅವಳ ತಲೆಯನ್ನಷ್ಟೇ ಸವರಿದೆ.

ಯುಗಾದಿಗೆ ಬರುತ್ತಾಳೆ. ಈ ಹಾಳೆಗಳನ್ನು ಅವಳ ಕೈಗೇ ಕೊಡಿ. ಅಲ್ಲಿಯ ತನಕ ನಿಮ್ಮ ಸಾಲಿಚೀಲದಲ್ಲಿ ಮಡಚದೆ ಇಟ್ಟುಕೊಳ್ಳಿ. ನಾನು ತಿರುಗಿ ಬೇಡಿದರೂ ಕೊಡಬೇಡಿ. ಬೇಡಿಯೇ ಬೇಡುತ್ತೇನೆ.